ರೇಸಿನ ರಸ್ತೆ ಮತ್ತು ನಮ್ಮೂರ ಹೊಟ್ಟೆಕಿಚ್ಚು

ಏನಾಗಿರಬಹುದು ಅಂತ ನೀವೇ ಊಹಿಸಿ ನೋಡೋಣ. ಅರವತ್ತೈದು ದಾಟಿದ ಇಬ್ಬರು ಗಂಡಸರು. ಒಬ್ಬ ನಿವೃತ್ತ ಲೆಕ್ಚರರು, ಇನ್ನೊಬ್ಬ ಅವನ ಹೆಂಡತಿಯ ತಮ್ಮ. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದಾರೆ, ಇಬ್ಬರೂ ತಲೆಗೆ ಕರಿ ಬಣ್ಣ ಬಳಿದುಕೊಂಡಿದ್ದಾರೆ, ಮೂರು ತಿಂಗಳಿಂದ ಒಬ್ಬರ ಜೊತೆ ಒಬ್ಬರು ಮಾತಾಡಿಲ್ಲ. ಅಂಥವರು ಒಂದು ಬೆಳಿಗ್ಗೆ ಇಡೀ ಊರಿನ ಎದುರು ಭುಜಕ್ಕೆ ಭುಜ ತಾಗಿಸಿಕೊಂಡು, ಬೆವರು ಸುರಿಸಿಕೊಂಡು, ಒಂದೇ ಕೆಲಸ ಮಾಡುತ್ತಿದ್ದಾರೆ. ಏನು ಕೆಲಸ?

ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವವರೊಬ್ಬರು "ಹೆಣ ಹೊರುತ್ತಿದ್ದರಾ?" ಅಂದರು. ಅಲ್ಲ. ಮತ್ತು ಆ ಮಾತು ನಮ್ಮ ಮನೆಯವಳ ಕಿವಿಗೆ ಬೀಳದಿರಲಿ.

ನಮ್ಮೂರಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾಗಮಂಗಲದಿಂದ ಬಿಂಡಿಗನವಿಲೆ ಬಸ್ಸು ಹತ್ತಿ, ನಡುದಾರಿಯಲ್ಲಿ ಕಂಡಕ್ಟರು ಬೇಜಾರಿನಿಂದ ಸೀಟಿ ಊದುವ ಕಡೆ ಇಳಿದರೆ ಅದೇ ನಮ್ಮೂರು. ಮಳೆ ನಂಬಿದ ಊರು. ರಾಗಿ, ಹುರುಳಿ, ಒಂದಿಷ್ಟು ಕುರಿ. ಇವೆಲ್ಲ ಮಳೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಹಾಗಲ್ಲ; ಮಳೆ ಬರಲಿ ಬಿಡಲಿ, ವರ್ಷಕ್ಕೆ ಮೂರು ಬೆಳೆ.

ಚರಿತ್ರೆ ಇಲ್ಲದ ಊರು

ನಾನು ಪಾಠ ಹೇಳಿದ್ದು ಇತಿಹಾಸ. ಹೇಳಿದ ಊರುಗಳು ಕೆ.ಆರ್. ಪೇಟೆ, ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ. ಇತಿಹಾಸ ಮೇಷ್ಟ್ರಿಗೆ ಶ್ರೀರಂಗಪಟ್ಟಣಕ್ಕೆ ವರ್ಗವಾಗುವುದೆಂದರೆ ಬಡವನನ್ನು ಒಡವೆ ಅಂಗಡಿಯಲ್ಲಿ ಕಾವಲಿಗೆ ನಿಲ್ಲಿಸಿದ ಹಾಗೆ. ದಿನಾ ನೋಡಬೇಕು, ಯಾವುದೂ ತನ್ನದಲ್ಲ. ಅಲ್ಲಿ ಕೋಟೆ, ಬತೇರಿ, ಮದ್ದಿನ ಮನೆ. ಒಬ್ಬ ವಿದ್ಯಾರ್ಥಿ ಎದ್ದು, "ಸಾರ್, ನಮ್ಮ ಹಿತ್ತಲಲ್ಲಿ ಫಿರಂಗಿ ಗುಂಡು ಸಿಕ್ತು, ನಮ್ಮವ್ವ ಅದ್ರಲ್ಲೇ ಬೆಳ್ಳುಳ್ಳಿ ಜಜ್ತಾಳೆ" ಅಂತ ಏನೂ ಅಲ್ಲದ ಹಾಗೆ ಹೇಳಿ ಕೂತ. ನನಗೆ ಆವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

ಪಾಂಡವಪುರದವರಿಗೋ ಪಾಂಡವರೇ ಬಂದು ಇಳಿದುಕೊಂಡಿದ್ದರು. ಕುಂತಿ ಬೆಟ್ಟ ತೋರಿಸಿ, ಭೀಮ ಇಲ್ಲೇ ಉಂಡ ಅನ್ನುತ್ತಾರೆ. ಕೆ.ಆರ್. ಪೇಟೆ ಕಡೆ ಎಲ್ಲಿ ಕಾಲಿಟ್ಟರೂ ಹೊಯ್ಸಳರ ದೇವಸ್ಥಾನ. ನಮ್ಮದೇ ತಾಲ್ಲೂಕಿನ ನಾಗಮಂಗಲಕ್ಕೂ ಸೌಮ್ಯಕೇಶವ ಇದ್ದಾನೆ. ನಮ್ಮೂರಿಗೆ ಯಾವ ರಾಜ ಬಂದ? ಮುತ್ತಿಗೆ ಹಾಕಲಿಕ್ಕೂ ಯಾರೂ ಬರಲಿಲ್ಲ.

ಒಂದು ದಿನ ತರಗತಿಯಲ್ಲಿ ಒಬ್ಬಳು ಕೇಳಿಯೇ ಬಿಟ್ಟಳು: "ಸಾರ್, ನಿಮ್ಮೂರಲ್ಲಿ ಏನೈತೆ?"

ಮಾನ ಉಳಿಸಿಕೊಳ್ಳಬೇಕಲ್ಲ. "ನಮ್ಮೂರಲ್ಲಿ ಮೋಟಾರ್ ರೇಸು ನಡೀತಿತ್ತಮ್ಮ" ಅಂದೆ.

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಬಹಳ ವಿನಯದಿಂದ ಎದ್ದು ನಿಂತು, "ಯಾರ ಕಾಲದಲ್ಲಿ ಸಾರ್? ಹೊಯ್ಸಳರೋ, ಟಿಪ್ಪುವೋ?" ಅಂದ.

ಎಲ್ಲಿಗೂ ಹೋಗದ ರಸ್ತೆ

ನಾನು ಹೇಳಿದ್ದು ಸುಳ್ಳಲ್ಲ. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ಕಾಲದಲ್ಲಿ ನಮ್ಮೂರ ಗೋಮಾಳದ ಸುತ್ತ ನಿಜವಾಗಿಯೂ ರೇಸು ನಡೆಯುತ್ತಿತ್ತು. ಬೆಂಗಳೂರಿನಿಂದ ಬೈಕು, ಕಾರು ಬರುತ್ತಿದ್ದವು. ಆ ರೇಸಿನ ರಸ್ತೆ ಹೇಗೆ ಹುಟ್ಟಿತು ಅನ್ನುವುದೇ ಒಂದು ಕತೆ.

ನಮ್ಮೂರಿಗೆ ಒಂದು ಡಾಂಬರು ರಸ್ತೆ ಮಂಜೂರಾಯಿತು. ಪಂಚಾಯಿತಿ ಮೆಂಬರುಗಳು ಇಬ್ಬರು. ಒಬ್ಬನ ಹೊಲ ಗೋಮಾಳದ ಮೂಡಲಿಗೆ, ಇನ್ನೊಬ್ಬನದು ಪಡುವಲಿಗೆ. ರಸ್ತೆ ನನ್ನ ಹೊಲದ ಮೇಲೇ ಹೋಗಬೇಕು ಅಂತ ಅವನು, ನನ್ನ ಹೊಲದ ಮೇಲೇ ಅಂತ ಇವನು. ಓವರ್ಸಿಯರು ಸಾಕಾಗಿ ಹೋಗಿ, ಮಾರಮ್ಮನ ಗುಡಿಯಿಂದ ಶುರು ಮಾಡಿ ಮೊದಲು ಮೂಡಲವನ ಹೊಲಕ್ಕೆ ಎಳೆದ, ಅಲ್ಲಿಂದ ತಿರುಗಿಸಿ ಪಡುವಲವನ ಹೊಲಕ್ಕೆ ಎಳೆದ. ಆಮೇಲೂ ಡಾಂಬರು ಉಳಿಯಿತು. ವಾಪಸು ಹೊತ್ತುಕೊಂಡು ಹೋಗುವವರು ಯಾರು? ಉಳಿದದ್ದನ್ನು ಸುರಿದುಕೊಂಡು ತಿರುಗಿ ಮಾರಮ್ಮನ ಗುಡಿಗೇ ತಂದು ಸೇರಿಸಿದ. ಹೀಗೆ ನಮ್ಮೂರಿಗೆ ಒಳ್ಳೆಯ ಅಗಲವಾದ ರಸ್ತೆ ಬಂತು. ಆದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಬೆಂಗಳೂರಿನ ರೇಸಿನವರು ಒಮ್ಮೆ ಬೆಳ್ಳೂರು ಕ್ರಾಸಿನಲ್ಲಿ ಟೀ ಕುಡಿಯುತ್ತ, ರೇಸಿಗೆ ಜಾಗ ಸಿಗುತ್ತಿಲ್ಲ ಅಂತ ಮಾತಾಡಿಕೊಳ್ಳುತ್ತಿದ್ದರಂತೆ. ಹೋಟೆಲಿನವನು ಲೋಟ ಇಡುತ್ತ, "ನಮ್ಮ ಕಡೆ ಒಂದ್ ರಸ್ತೆ ಅದೆ ಸಾ. ಒಂಟಿದ್ ಜಾಗಕ್ಕೇ ಬಂದು ಸೇರ್ಕತದೆ. ಮನುಷ್ರು ಯಾರೂ ಓಡಾಡಾಕಿಲ್ಲ" ಅಂದ. ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಬಂದು ನೋಡಿದವರಿಗೆ ಆನಂದವೋ ಆನಂದ. ಅವರಲ್ಲಿ ದೊಡ್ಡವರೊಬ್ಬರು ಮಾರಮ್ಮನ ಗುಡಿ ಮುಂದೆ ನಿಂತು, "ಇಷ್ಟು ಚೆನ್ನಾಗಿ ಯೋಚನೆ ಮಾಡಿದವರು ಯಾರು?" ಅಂತ ಕೇಳಿದರು.

"ನಾನೇಯ" ಅಂದ ಮೂಡಲವನು.

"ಅರ್ಧ ನಂದು" ಅಂದ ಪಡುವಲವನು.

ಒಕ್ಕಣೆ

ಮೊದಲ ರೇಸು ನಡೆದದ್ದು ಸಂಕ್ರಾಂತಿ ಕಳೆದ ಮೇಲೆ. ರೇಸಿನವರು ಹಿಂದಿನ ಸಂಜೆ ರಸ್ತೆಯನ್ನೆಲ್ಲ ಗುಡಿಸಿ, ಸುಣ್ಣದ ಗೆರೆ ಎಳೆದು, ನಾಗಮಂಗಲಕ್ಕೆ ಹೋಗಿ ಮಲಗಿದರು. ಬೆಳಿಗ್ಗೆ ಬಂದು ನೋಡಿದರೆ ರಸ್ತೆಯೇ ಇಲ್ಲ. ಸುತ್ತಲೂ ರಾಗಿ ತೆನೆ ಹಾಸಿದೆ.

ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ರಾಗಿಯನ್ನು ರಸ್ತೆಗೆ ಹರಡುವುದು ನಿಮಗೂ ಗೊತ್ತು. ಬಸ್ಸು ಲಾರಿ ಹರಿದರೆ ಕಾಳು ಉದುರುತ್ತದೆ, ಎತ್ತು ರೋಣಗಲ್ಲಿನ ಕಷ್ಟವಿಲ್ಲ. ದಿನಕ್ಕೆರಡು ಸಲ ಬರುವ ಬಿಂಡಿಗನವಿಲೆ ಬಸ್ಸಿಗೆ ಕಾದು ಕೂತು ಒಕ್ಕುತ್ತಿದ್ದ ಜನಕ್ಕೆ, ಮನೆ ಬಾಗಿಲಿಗೆ ಅಷ್ಟೊಂದು ಮೋಟಾರು ಒಟ್ಟಿಗೆ ಬಂದು, ಅವೂ ನಿಲ್ಲದೆ ಸುತ್ತುತ್ತವೆ ಅಂದರೆ ಬಿಡುತ್ತಾರೆಯೆ?

ರೇಸಿನವರು ಮೈಕಿನಲ್ಲಿ ಬೇಡಿಕೊಂಡರು: "ದಯವಿಟ್ಟು ನಿಮ್ಮ ನಿಮ್ಮ ರಾಗಿ ತೆಗೆದುಕೊಳ್ಳಿ." ಯಾರೂ ಅಲ್ಲಾಡಲಿಲ್ಲ. ಹಟ ಅಂತ ಅಲ್ಲ. ನಾನು ತೆಗೆದು ಪಕ್ಕದವನು ತೆಗೆಯದಿದ್ದರೆ? ಅವನದ್ದು ಪುಕ್ಕಟೆ ಒಕ್ಕಿಹೋಗುತ್ತದಲ್ಲ. "ಅವನು ಎತ್ಲಿ, ಆಮೇಲೆ ನಾನು" ಅಂತ ಒಬ್ಬೊಬ್ಬರೂ ಪಕ್ಕದವನ ಕಡೆ ಕೈ ತೋರಿಸಿದರು. ರಸ್ತೆ ದುಂಡಗಿತ್ತು. ತೋರಿಸಿದ ಕೈ ಸುತ್ತಿ ಬಂದು ಮೊದಲನೆಯವನಿಗೇ ಸೇರಿತು.

ಕೊನೆಗೆ ರಾಜಿಯಾಯಿತು. ಮೊದಲ ಸುತ್ತುಗಳು ಒಕ್ಕಣೆಗೆ, ಆಮೇಲೆ ಹುಲ್ಲು ಎಳೆದು ರೇಸು.

ಒಕ್ಕಣೆಯ ಸುತ್ತಿನಲ್ಲೇ ಊರಿಗೆ ಒಂದು ಗುಟ್ಟು ತಿಳಿಯಿತು. ನೇರ ರಸ್ತೆಯಲ್ಲಿ ಬೈಕು ಸುಮ್ಮನೆ ಹಾದು ಹೋಗುತ್ತದೆ. ತಿರುವಿನಲ್ಲಿ ವಾಲಿ, ಚಕ್ರ ಜಾರಿ, ತೆನೆಯನ್ನು ಚೆನ್ನಾಗಿ ಅರೆಯುತ್ತದೆ. ಆ ತಿರುವಿನ ಪಕ್ಕದ ಮೂಲೆ ಹೊಲ ನನ್ನ ಮಾವನವರದ್ದು. ಆಗಿನ್ನೂ ಮಾವ ಆಗಿರಲಿಲ್ಲ, ಬರೀ ಊರ ಹಿರಿಯರು. ಅವರ ರಾಗಿ ಸುರಿದ ಹಾಗೆ ಉದುರುವುದನ್ನು ನೋಡಿ ಉಳಿದವರ ಹೊಟ್ಟೆಯಲ್ಲಿ ಕೆಂಡ.

ಅಷ್ಟರಲ್ಲಿ ಕೆಂಪು ಬೈಕಿನ ಹುಡುಗನೊಬ್ಬ ಅದೇ ತಿರುವಿನಲ್ಲಿ ಜಾರಿ, ಹಾಸಿದ್ದ ತೆನೆಯ ಮೇಲೆ ಉದ್ದಕ್ಕೆ ಉರುಳಿಕೊಂಡು ಹೋಗಿ ಮಾವನವರ ಮೆದೆಗೆ ತಲೆ ತೂರಿಸಿದ. ಎಲ್ಲರೂ ಓಡಿದೆವು. ಎಲ್ಲರಿಗಿಂತ ಮೊದಲು ತಲುಪಿದವರು ಮಾವ. ಬಗ್ಗಿದರು, ತೆನೆಯ ಕೆಳಗೆ ಕೈ ಹಾಕಿದರು, ಬೊಗಸೆ ತುಂಬ ಎತ್ತಿ ಊದಿ ನೋಡಿದರು.

ರೇಸಿನವರು ಏದುಸಿರು ಬಿಡುತ್ತ ಬಂದು, "ಏನೂ ಆಗಿಲ್ಲ ತಾನೇ?" ಅಂದರು.

ಮಾವ ತಲೆ ಆಡಿಸಿದರು. "ಅರ್ಧ ಉದುರೈತೆ. ಇನ್ನೊಂದ್ ಸಲ ಇಂಗೇ ಬೀಳುಸ್ಬುಡಿ, ಪೂರ್ತಿ ಆಯ್ತದೆ."

ಎರಡನೇ ಬಹುಮಾನ

ಮುಂದಿನ ವರ್ಷ ಎದುರು ಹೊಲದವನು ಹೊಟ್ಟೆಕಿಚ್ಚು ತಡೆಯಲಾರದೆ ಒಂದು ಕೆಲಸ ಮಾಡಿದ. ಒಕ್ಕಣೆ ಮುಗಿದು ಇನ್ನೇನು ರೇಸು ಶುರು ಅನ್ನುವಾಗ, ಯಾರಿಗೂ ಕಾಣದ ಹಾಗೆ ತಿರುವಿಗೆ ಬಂದು ತನ್ನ ಹುರುಳಿ ಹಾಸಿಬಿಟ್ಟ. ರಾಗಿ ಕಡ್ಡಿ ಮುರಿಯುತ್ತದೆ. ಹುರುಳಿ ಬಳ್ಳಿ ಹಾಗಲ್ಲ, ಸುತ್ತಿಕೊಳ್ಳುತ್ತದೆ.

ಮುಂದಿದ್ದ ಬೈಕಿನ ಹಿಂಚಕ್ರಕ್ಕೆ ಅವನ ಅರ್ಧ ಹುರುಳಿ ಸುತ್ತಿಕೊಂಡು, ಬೈಕು ಬಾಲ ಬೆಳೆಸಿಕೊಂಡು ಓಡಿತು. ಎದುರು ಹೊಲದವನು ಕುಡುಗೋಲು ಹಿಡಿದು, "ಅಯ್ಯೋ ನಮ್ ಉರುಳಿ, ನಿಲ್ಸಲಾ ಲೇ" ಅಂತ ಹಿಂದೆಯೇ ಓಡಿದ. ಕುಡುಗೋಲು ಕಂಡ ಮೇಲೆ ಯಾವನು ನಿಲ್ಲಿಸುತ್ತಾನೆ? ಬೈಕಿನವನು ಇನ್ನೂ ಜೋರು ಮಾಡಿದ. ಹಿಂದೆ ಬರುತ್ತಿದ್ದ ಬೈಕುಗಳೆಲ್ಲ ಉಳಿದ ಹುರುಳಿಗೆ ಸಿಕ್ಕಿ ತಿರುವಿನಲ್ಲೇ ಒಂದರ ಮೇಲೊಂದು ಒರಗಿ ನಿಂತವು.

ಆ ವರ್ಷ ಗೆರೆಯನ್ನು ಎರಡನೆಯವನಾಗಿ ದಾಟಿದವನು ನಮ್ಮ ಎದುರು ಹೊಲದವನು. ಬರಿಗಾಲಲ್ಲಿ.

ಅಳಿಯನ ಕುರ್ಚಿ

ಆಮೇಲೆ ನನ್ನ ಮದುವೆಯಾಯಿತು, ಆ ಮೂಲೆ ಹೊಲದವರ ಮಗಳ ಜೊತೆ. ಹೊಲ ನೋಡಿ ಒಪ್ಪಿಕೊಂಡೆ ಅಂತ ಸ್ನೇಹಿತರು ಅಂದರು. ಅವರಿಗೆ ಹೊಟ್ಟೆಕಿಚ್ಚು. ಚಪ್ಪರದ ಕೆಳಗೆ ಹತ್ತು ಜನರ ಎದುರು ಮಾವ, "ಆ ಮೂಲೆ ಒಲ ನನ್ ಮಗಳ ಅರಿಶಿಣ ಕುಂಕುಮಕ್ಕೆ" ಅಂದರು. ಅಲ್ಲಿಗೆ ಮುಗಿಯಿತು. ಪತ್ರ ಗಿತ್ರ ಯಾರೂ ಕೇಳಲಿಲ್ಲ. ಉಳುವುದು ನನ್ನ ಭಾವಮೈದ, ವರ್ಷಕ್ಕೊಮ್ಮೆ ಅಕ್ಕನಿಗೆ ರಾಗಿ ಕಳಿಸುವುದೂ ಅವನೇ.

ಮದುವೆಯಾದ ವರ್ಷದ ರೇಸಿಗೆ ಮಾವ ಹೊಸ ಅಳಿಯನಿಗೆ ಅಂತ ಬದುವಿನ ಮೇಲೆ, ತಿರುವಿಗೆ ಸರಿಯಾಗಿ, ಒಂದು ಮರದ ಕುರ್ಚಿ ಹಾಕಿಸಿದರು. ಊರೆಲ್ಲ ನಿಂತಿದೆ, ನಾನೊಬ್ಬ ಕೂತಿದ್ದೇನೆ. ಬಿಳಿ ಷರಟು, ಬಿಳಿ ಪ್ಯಾಂಟು, ಕೈಯಲ್ಲಿ ಮದುವೆಯ ವಾಚು. ನನ್ನ ಕಾಲ ಹತ್ತಿರ ನೆಲದ ಮೇಲೆ ಕುಕ್ಕರಗಾಲಲ್ಲಿ ಭಾವಮೈದ. ಆವತ್ತು ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬಹಳ ಹಿತವಾಗಿತ್ತು.

ಮೊದಲ ಸುತ್ತಿಗೆ ನಲವತ್ತು ಚಕ್ರ ಒಟ್ಟಿಗೆ ತಿರುಗಿದವು. ತಿರುವಿನಲ್ಲಿದ್ದ ಹೊಟ್ಟು, ದೂಳು, ಒಣಹುಲ್ಲು ಎದ್ದು ಅಷ್ಟೂ ಬದುವಿನ ಮೇಲೆ ಬಂತು. ದೂಳು ಇಳಿದ ಮೇಲೆ ಮಾವ ನನ್ನ ಕಡೆ ತಿರುಗಿ, ನನ್ನನ್ನೇ ನೋಡಿಕೊಂಡು, ಮಗನನ್ನು ಕೇಳಿದರು:

"ಲೇ, ಅಳಿಯಂದ್ರು ಎಲ್ಲೋದ್ರ್ಲಾ? ಇಲ್ಲಿ ಮೆದೆ ಒಟ್ದೋರು ಯಾರು?"

ಹಂಪು

ಇಂಥ ರೇಸು ಯಾಕೆ ನಿಂತಿತು? ಸರ್ಕಾರ ನಿಲ್ಲಿಸಲಿಲ್ಲ, ಪೊಲೀಸರು ನಿಲ್ಲಿಸಲಿಲ್ಲ. ಮೂಡಲ ಮೆಂಬರು ತನ್ನ ಕಣದ ಮುಂದೆ ರಸ್ತೆಗೆ ಒಂದು ಹಂಪು ಹಾಕಿಸಿಕೊಂಡ. ಯಾಕಪ್ಪ ಅಂದರೆ, ನಾಗಮಂಗಲದಲ್ಲಿ ದೊಡ್ಡ ಸಾಹೇಬರ ಮನೆ ಮುಂದೆ ಇದೆ, ಅದಕ್ಕೆ.

ವಾರದೊಳಗೆ ಪಡುವಲವನ ಪಂಪ್‌ಹೌಸ್ ಮುಂದೆ ಹಂಪು. ಆಮೇಲೆ ಎದುರು ಹೊಲದವನ ಬಣವೆ ಮುಂದೆ. ಆಮೇಲೆ ಯಾರಿಗೆ ಡಾಂಬರು ಸಿಗಲಿಲ್ಲವೋ ಅವರು ಮಣ್ಣಲ್ಲೇ ಮಾಡಿಕೊಂಡರು. ಒಬ್ಬ ಅಂತೂ ತನ್ನ ಹುಣಸೆ ಮರದ ಮುಂದೆ ಹಾಕಿಸಿದ್ದ. ಯಾಕೆ ಅಂದರೆ, "ಎಲ್ರುದೂ ಐತೆ, ನಂದೂ ಇರ್ಲಿ."

ಮುಂದಿನ ಸಂಕ್ರಾಂತಿಗೆ ರೇಸಿನವರು ಬಂದು ಒಂದು ಸುತ್ತು ನಿಧಾನವಾಗಿ ಜೀಪಿನಲ್ಲಿ ಹೋಗಿ ನೋಡಿದರು. ಇಳಿದು ಸೊಂಟ ಹಿಡಿದುಕೊಂಡು, ಬೇಸರದಿಂದ ಕೈ ಮುಗಿದು ಹೊರಟುಬಿಟ್ಟರು.

ಹೊಟ್ಟೆಕಿಚ್ಚಿನಿಂದ ಹುಟ್ಟಿದ ರೇಸು ಹೊಟ್ಟೆಕಿಚ್ಚಿನಿಂದಲೇ ಮುಚ್ಚಿತು. ಮುಚ್ಚಿದ್ದಕ್ಕೆ ಯಾರೂ ಅಳಲಿಲ್ಲ. "ಓದ್ರೆ ಓಗ್ಲಿ ಬುಡು. ಮೂಲೆ ಒಲ್ದೋನ ಒಕ್ಕಣೆನೂ ನಿಂತೋಯ್ತಲ್ಲ" ಅಂತ ಊರು ಸಮಾಧಾನ ಮಾಡಿಕೊಂಡಿತು.

ಕರೀ ತಲೆ

ಇದೆಲ್ಲ ಹಳೆಯದಾಯಿತು. ರಸ್ತೆಯ ಬಹುಪಾಲು ಈಗ ಹೊಲದೊಳಗೆ ಸೇರಿದೆ; ಮಾರಮ್ಮನ ಗುಡಿಯಿಂದ ತಿರುವಿನವರೆಗೆ ಒಂದು ತುಂಡು ಮಾತ್ರ ಉಳಿದಿದೆ. ನಾನು ನಿವೃತ್ತನಾಗಿ ಊರಲ್ಲೇ ಮನೆ ಕಟ್ಟಿಕೊಂಡೆ, ಭಾವಮೈದನ ಮನೆಯ ಪಕ್ಕದಲ್ಲೇ. ಸುಖವಾಗಿದ್ದೆವು. ಆಗ ಬೆಂಗಳೂರಿನಿಂದ ಫೋನು ಬಂತು.

ಆ ಕಾಲದಲ್ಲಿ ರೇಸು ಓಡಿಸಿದವರು ಈಗ ಮುದುಕರಾಗಿ ಒಂದು ಕೂಟ ಮಾಡಿಕೊಂಡಿದ್ದಾರಂತೆ. ನಮ್ಮ ತಿರುವಿನಲ್ಲಿ ಒಂದು ಕಲ್ಲು ನೆಟ್ಟು, ಆ ಜಮೀನಿನವರ ಹೆಸರು ಬರೆಸುತ್ತಾರಂತೆ. ಅಷ್ಟೇ ಅಲ್ಲ, ಆ ಕಾಲದ ರೇಸು ಕಾರು ತರುತ್ತಾರಂತೆ. "ತಿರುವಿನ ಜಮೀನಿನವರು ಅದರಲ್ಲಿ ಕೂತು ಬರಬೇಕು" ಅಂತ ಅವರ ಆಸೆಯಂತೆ.

ಕೋಟೆ ಇಲ್ಲದ ಊರಿನ ಇತಿಹಾಸ ಮೇಷ್ಟ್ರಿಗೆ ಕಲ್ಲಿನ ಮೇಲೆ ಹೆಸರು ಅಂದರೆ ಏನು ಅನ್ನುವುದು ನಿಮಗೆ ಅರ್ಥವಾಗಬೇಕು. ಶ್ರೀರಂಗಪಟ್ಟಣದವರನ್ನೆಲ್ಲ ಬಸ್ಸು ಮಾಡಿ ಕರೆಸಿ ತೋರಿಸಬೇಕು ಅಂದುಕೊಂಡೆ.

ಅದೇ ಸಂಜೆ ಭಾವಮೈದ ಬೇಲಿಯಾಚೆಯಿಂದ ಕೆಮ್ಮಿದ. "ಭಾವ, ಕಾರಲ್ಲಿ ಕುಂತ್ಕಳೋನು ನಾನು. ಒಲ ಉಳೋನು ನಾನು."

"ಕೊಟ್ಟ ಹೊಲ ಕಣಪ್ಪ ಅದು. ಕೊಟ್ಟ ಮೇಲೆ ಕೊಟ್ಟೋರದ್ದಲ್ಲ."

"ಪತ್ರ ಎಲ್ಲೈತೆ?"

"ನಿಮ್ಮಪ್ಪನ ಮಾತೇ ಪತ್ರ."

"ನಮ್ಮಪ್ಪ ನಿಮ್ಗೆ ಸ್ಕೂಟ್ರು ಕೊಡುಸ್ತೀನಿ ಅಂತ್ಲೂವೆ ಅಂದಿತ್ತು. ಅದ್ರ ಮೇಲೆ ಎಲ್ಲಿಗೋಯ್ತಾ ಇದ್ದೀರಿ?"

ಆವತ್ತಿನಿಂದ ನಮ್ಮಿಬ್ಬರ ಮಾತು ನಿಂತಿತು. ಅವನು ನಾಗಮಂಗಲಕ್ಕೆ ಹೋಗಿ ಕರಿ ಕನ್ನಡಕ ತಂದ. ನಾನು ಮೈಸೂರಿಗೆ ಹೋಗಿ ಚರ್ಮದ ಗ್ಲೌಸು ತಂದೆ. ಅವನು ಡೇರಿಗೆ ಹಾಲು ಹಾಕಲಿಕ್ಕೂ ಕನ್ನಡಕ ಹಾಕಿಕೊಂಡೇ ಹೋದ. ನಾನು ಗ್ಲೌಸು ಹಾಕಿಕೊಂಡೇ ಪೇಪರು ಓದಿದೆ. ಹಾಳೆ ತಿರುವಲಾಗುತ್ತಿರಲಿಲ್ಲ, ಆದರೂ ಓದಿದೆ. ಆಮೇಲೊಂದು ಬೆಳಿಗ್ಗೆ ಅವನು ತಲೆಗೆ ಕಪ್ಪು ಬಳಿದುಕೊಂಡು ಹೊರಗೆ ಬಂದ. ಹತ್ತು ವರ್ಷ ಚಿಕ್ಕವನಾಗಿ ಕಂಡ. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನದೊಳಗೆ ನಾನೂ ಬಳಿದುಕೊಂಡೆ.

ನಮ್ಮ ಮನೆಯವಳು ಅಂಗಳದಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ನನ್ನ ತಲೆ ನೋಡಿದಳು, ಬೇಲಿಯಾಚೆ ತಮ್ಮನ ತಲೆ ನೋಡಿದಳು.

"ಇಬ್ರೂ ಇಂಗೇ ನಿಂತ್ಕಳಿ. ಈ ಐಕ್ಳು ಆಗಿನ್ನೂ ಉಟ್ಟೇ ಇರ್ನಿಲ್ಲ ಅಂದ್ಬುಟ್ಟು ಕಾರಿನೋರು ತಿರುಗ್ಸ್ಕಂಡು ಓಯ್ತಾರೆ."

ಸೀಟು

ದಿನ ಗೊತ್ತು ಮಾಡಿದವರು ಬೆಂಗಳೂರಿನವರು. ಅವರಿಗೆ ಕ್ಯಾಲೆಂಡರಿನಲ್ಲಿ ಬಿಡುವಾದ ದಿನ ಕಂಡರೆ ಸಾಕು, ಯಾವ ದಿನ ಅಂತ ನೋಡುವುದಿಲ್ಲ. ಆವತ್ತು ಊರಿನ ಪ್ರತಿ ಮನೆಯಲ್ಲೂ ಬೆಳಗಿನಿಂದಲೇ ಮಸಾಲೆ ರುಬ್ಬುತ್ತಿದ್ದರು. ಆದರೂ ಜನ ಸೇರಿದರು. ನಾವಿಬ್ಬರೂ ಪಂಚೆ ಉಟ್ಟು, ಒಬ್ಬ ಗ್ಲೌಸಿನಲ್ಲಿ, ಒಬ್ಬ ಕನ್ನಡಕದಲ್ಲಿ, ಮಾರಮ್ಮನ ಗುಡಿಯ ಆಕಡೆ ಒಬ್ಬ ಈಕಡೆ ಒಬ್ಬ ನಿಂತಿದ್ದೆವು. ಡ್ರೈವರ್ ಪಕ್ಕದ ಸೀಟು ಯಾವ ಕಡೆ ಬರುತ್ತದೆ ಅಂತ ನಾನು ಮೊದಲೇ ಲೆಕ್ಕ ಹಾಕಿ ನಿಂತಿದ್ದೆ.

ಲಾರಿಯ ಹಿಂಬಾಗಿಲು ತೆಗೆದು ಹಲಗೆ ಇಟ್ಟು ಕಾರು ಇಳಿಸಿದರು. ಕಾರು ಅಂದರೆ ನಾವು ತಿಳಿದುಕೊಂಡ ಕಾರಲ್ಲ. ಬಾಳೆಕಾಯಿಯ ಹಾಗೆ ಉದ್ದಕ್ಕೆ, ನೆಲಕ್ಕೆ ಅಂಟಿಕೊಂಡಿದೆ. ಬಾಗಿಲಿಲ್ಲ, ಚಾವಣಿಯಿಲ್ಲ. ನಡುವೆ ಒಂದು ಗುಂಡಿ. ಗುಂಡಿಯಲ್ಲಿ ಸೀಟು.

ಒಂದೇ ಸೀಟು.

ಮೂರು ತಿಂಗಳು ಯಾವ ಡ್ರೈವರ್ ಪಕ್ಕ ಯಾರು ಕೂರಬೇಕು ಅಂತ ಜಗಳವಾಡಿದ್ದೆವೋ, ಆ ಪಕ್ಕವೇ ಇಲ್ಲ.

ಆ ಕಾರಿನ ಯಜಮಾನರು ಕೋಲೂರಿಕೊಂಡು ಬಂದರು. ಕೆಂಪು ಬೈಕಿನಿಂದ ಮಾವನವರ ಮೆದೆಗೆ ತಲೆ ತೂರಿಸಿದ್ದವರು ಅವರೇ ಅಂತೆ. "ನನಗೆ ಮಂಡಿ ಮಡಚಲು ಆಗುವುದಿಲ್ಲ, ಇದರಲ್ಲಿ ಇಳಿಯುವ ಕಾಲ ಹೋಯಿತು" ಅಂದರು. "ಎಂಜಿನ್ನೂ ಹಾಗೇ, ಮೇಲೆ ಏಳುವುದಿಲ್ಲ. ನಿಮ್ಮಲ್ಲಿ ಒಬ್ಬರು ಒಳಗೆ ಕೂತು ಸ್ಟೇರಿಂಗ್ ಹಿಡಿಯಿರಿ, ಉಳಿದವರು ತಿರುವಿನವರೆಗೆ ತಳ್ಳಲಿ. ತಿರುವಿನ ಜಮೀನಿನವರು ಯಾರು?"

"ನಾನು" ಅಂದೆವು ಇಬ್ಬರೂ.

ಅವರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು?"

"ಇವ್ರು ನಮ್ ಭಾವ. ನಮ್ಮಕ್ಕನ ಯಜಮಾನ್ರು" ಅಂದ ಅವನು. "ಆದ್ರೆ ಒಲ ಇವ್ರುದಲ್ಲ ಸಾ. ನಮ್ಮಪ್ಪ ಬುಟ್ಟಿದ್ದು ನಮ್ಮಕ್ಕನ ಅರಿಶಿಣ ಕುಂಕುಮಕ್ಕೆ."

ನನ್ನನ್ನು ತಪ್ಪಿಸುವ ಆತುರದಲ್ಲಿ ಅಂದುಬಿಟ್ಟ. ಏನಂದೆ ಅನ್ನುವುದು ಬಾಯಿಂದ ಬಿದ್ದ ಮೇಲೆ ಅವನಿಗೆ ಗೊತ್ತಾಯಿತು. ಕನ್ನಡಕದ ಹಿಂದೆ ಅವನ ಕಣ್ಣು ಏನಾಯಿತೋ ಕಾಣಲಿಲ್ಲ.

"ಹಾಗಾದರೆ ಆ ಅಮ್ಮನನ್ನೇ ಕರೆಯಿರಿ" ಅಂದರು ಯಜಮಾನರು.

ನಮ್ಮ ಮನೆಯವಳು ಅರಿಶಿಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಒಲೆ ಮೇಲೆ ಕುಕ್ಕರು ಇಟ್ಟು ಬಂದಿದ್ದೇನೆ, ಬೇಗ ಆಗಬೇಕು ಅಂದಳು. ಮೆದೆ ಹತ್ತಿ ಇಳಿದ ಹೆಂಗಸಿಗೆ ಅದೊಂದು ಗುಂಡಿಯೆ? ಸೀರೆ ಒಟ್ಟುಮಾಡಿಕೊಂಡು ಒಂದು ಕಾಲು, ಇನ್ನೊಂದು ಕಾಲು, ಕೂತೇ ಬಿಟ್ಟಳು. ಕಲ್ಲಿನ ಹತ್ತಿರ ಬ್ರಷ್ ಹಿಡಿದು ಕಾದಿದ್ದವನು "ಹೆಸರು ಏನು ಬರೀಲಿ?" ಅಂತ ಕೂಗಿದ. ಭಾವಮೈದ ಇಲ್ಲಿಂದಲೇ "ಅಕ್ಕ" ಅಂತ ಕೂಗಿದ. ಬ್ರಷ್ಷಿನವನು "ಅಕ್ಕನ ತಿರುವು" ಅಂತಲೇ ಬರೆದ.

ಸುಳ್ಳು ಯಾಕೆ ಹೇಳಲಿ, ನನಗೆ ಸಿಗಲಿಲ್ಲ ಅನ್ನುವ ಸಂಕಟ ಇತ್ತು. ಆದರೆ ಅವನಿಗೂ ಸಿಗಲಿಲ್ಲವಲ್ಲ. ಆ ಸಂತೋಷದಲ್ಲಿ ಸಂಕಟ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಇದುಕ್ಕೆ ಬ್ರೇಕು ಎಲ್ಲದೆ?" ಅಂತ ಅವಳು ಕೇಳಿದಳು.

"ಬ್ರೇಕು ಕೆಲಸ ಮಾಡುವುದಿಲ್ಲ ತಾಯಿ" ಅಂದರು ಯಜಮಾನರು. "ತಳ್ಳುವವರು ನಿಂತರೆ ಕಾರೂ ನಿಲ್ಲುತ್ತದೆ."

"ಅಂಗಾದ್ರೆ ಸರಿ. ನಾನ್ ಏಳೋಗಂಟ ಇವ್ರು ನಿಲ್ಲಾಕಿಲ್ಲ."

ತಳ್ಳಲು ಯಾರು ಬರುತ್ತಾರೆ? ಊರಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದರಲ್ಲಿದ್ದರು. ನಾನು ಎಡಕ್ಕೆ ಭುಜ ಕೊಟ್ಟೆ, ಅವನು ಬಲಕ್ಕೆ ಕೊಟ್ಟ. ಕಾರು ಉರುಳಿತು. ಗುಡಿಯಿಂದ ತಿರುವಿನ ಕಡೆ ತಳ್ಳಿದೆವು. ಅವಳು ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಎದುರು ಹೊಲದವನಿಗೆ ತಲೆಯಾಡಿಸಿ ನಮಸ್ಕಾರ ಹೇಳಿದಳು. ಅವನ ಮುಖ ನೋಡಬೇಕಿತ್ತು ನೀವು. ನಮ್ಮಿಬ್ಬರ ತಲೆಯ ಬಣ್ಣ ಬೆವರಿಗೆ ಕರಗಿ ಬಿಳಿ ಪಂಚೆಯವರೆಗೆ ಇಳಿಯುತ್ತಿತ್ತು.

"ಭಾವ" ಅಂದ ಭಾವಮೈದ. ಮೂರು ತಿಂಗಳಲ್ಲಿ ಅದೇ ಮೊದಲ ಮಾತು.

"ಏನಪ್ಪ?"

"ಇವತ್ತಿನ ದಿನ ಏನ್ ಮಾಡ್ತೀವೋ ವರ್ಷವೆಲ್ಲ ಅದ್ನೇ ಮಾಡ್ತೀವಿ ಅಂತಾರಲ್ಲ, ದಿಟವಾ?"

"ನಮ್ಮಜ್ಜಿ ಹಾಗೇ ಹೇಳ್ತಿದ್ದಳು."

ಅವನು ಭುಜ ಬದಲಾಯಿಸಿಕೊಂಡ. ನಾನೂ ಬದಲಾಯಿಸಿಕೊಂಡೆ. ತಿರುವು ಬಂತು, ನಿಲ್ಲಿಸೋಣ ಅಂತ ಉಸಿರು ಬಿಟ್ಟೆವು. ಮುಂದಿನಿಂದ ಅವಳು ತಿರುಗಿಯೂ ನೋಡದೆ, "ಚೆಂದಾಗದೆ. ಇನ್ನೊಂದ್ ಸಲ ಗುಡಿತಾವ್ಲಿಂದ ತಳ್ಕಂಬನ್ನಿ" ಅಂದಳು.

ತಳ್ಳಿಕೊಂಡು ಬಂದೆವು. ಯುಗಾದಿಯ ಮಾರನೆಯ ದಿನ ಅದು, ಹೊಸತೊಡಕು.